ಚಿಂತೆ ಬಿಟ್ಟರೂ ನಿದ್ದೆ ಬರ್ತಿಲ್ಲ, ಒಂಬತ್ತು ತಿಂಗಳಾಯ್ತು. ಇದರಿಂದ ಹೊರಗೆ ಬಂದವರು ಯಾರಾದರೂ ಇದ್ದೀರಾ?

ಗಣಿತ ಟೀಚರ್, ದಾವಣಗೆರೆ · ಜೂನ್ 3, ರಾತ್ರಿ 3:12

ನನಗೆ 47. ಹೈಸ್ಕೂಲಲ್ಲಿ ಗಣಿತ ಹೇಳಿಕೊಡ್ತೀನಿ. ಹೋದ ಆಗಸ್ಟ್‌ನಲ್ಲಿ ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ್ವಿ. ಇಪ್ಪತ್ತಾರು ರಾತ್ರಿ ಅವರ ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಳೆದೆ. ಡ್ರಿಪ್ ಖಾಲಿಯಾಯ್ತಾ ಅಂತ ಗಂಟೆಗೊಂದು ಸಲ ಎದ್ದು ನೋಡೋದು. ಸೆಪ್ಟೆಂಬರ್ ಮೊದಲ ವಾರ ಅಮ್ಮ ಹೋದರು. ತಿಥಿ, ಕರ್ಮ ಎಲ್ಲ ಮುಗಿದ ಮೇಲೆ ನಿದ್ದೆ ತಾನಾಗೇ ಹಾದಿಗೆ ಬರುತ್ತೆ ಅಂದುಕೊಂಡಿದ್ದೆ. ಬರಲಿಲ್ಲ.

ಒಂಬತ್ತೂವರೆಗೇ ಮಲಗ್ತೀನಿ. ಹನ್ನೊಂದೂವರೆವರೆಗೂ ಹೊರಳಾಟ. ಕಣ್ಣು ಹತ್ತಿದರೂ ಎರಡೂವರೆಗೆ ಎಚ್ಚರ. ಆಮೇಲೆ ಬೆಳಗಿನ ಹಾಲಿನ ಗಾಡಿ ಶಬ್ದ ಕೇಳೋವರೆಗೂ ಅರೆನಿದ್ದೆ.

ಹೇಳಿಕೊಂಡರೆ ಎಲ್ಲರದ್ದೂ ಒಂದೇ ಮಾತು, "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ, ಚಿಂತೆ ಬಿಡಿ ಮೇಡಂ." ಆದರೆ ನಾನು ರಾತ್ರಿ ಅಮ್ಮನ್ನ ನೆನೆಸಿಕೊಂಡು ಎದ್ದಿರಲ್ಲ. ಅವರ ನೆನಪು ಹಗಲಲ್ಲಿ ಬರುತ್ತೆ, ಅಳು ಬಂದರೆ ಅತ್ತುಬಿಡ್ತೀನಿ. ರಾತ್ರಿ ನನ್ನ ತಲೆಯಲ್ಲಿ ಓಡೋದು ನಿದ್ದೆಯ ಲೆಕ್ಕ. ಈಗ ಬಂದರೂ ಮೂರು ಗಂಟೆ ಸಿಗುತ್ತೆ, ಈಗ ಬಂದರೆ ಎರಡೂವರೆ. ಸಂಜೆ ಏಳಾದರೆ ಹೊಟ್ಟೆಯೊಳಗೆ ಸಂಕಟ ಶುರು. ಹಾಲ್‌ನಲ್ಲಿ ಟಿ.ವಿ. ಮುಂದೆ ತೂಕಡಿಸೋಳು ರೂಮಿಗೆ ಹೋಗಿ ದಿಂಬಿಗೆ ತಲೆ ಇಟ್ಟರೆ ಸಾಕು, ಬಲ್ಬು ಹತ್ತಿದ ಹಾಗೆ ಎಚ್ಚರ.

ಮೊನ್ನೆ ಹತ್ತನೇ ಕ್ಲಾಸಲ್ಲಿ ಬೋರ್ಡ್ ಮೇಲೆ ಲೆಕ್ಕ ಬಿಡಿಸ್ತಾ ಅರ್ಧಕ್ಕೆ ನಿಂತುಬಿಟ್ಟೆ. ಮುಂದಿನ ಹೆಜ್ಜೆ ಏನು ಅಂತ ಹೊಳೀಲೇ ಇಲ್ಲ. ಮಕ್ಕಳು ಗಲಾಟೆ ಮಾಡಲಿಲ್ಲ, ಸುಮ್ಮನೆ ನನ್ನ ಮುಖ ನೋಡ್ತಾ ಕೂತಿದ್ದರು. ಅದಕ್ಕೇ ಇವತ್ತು ಇಲ್ಲಿ ಬರೀತಿದ್ದೀನಿ.

ಧಾರವಾಡದ ಆಯಿ · ಜೂನ್ 3, ಬೆಳಗ್ಗೆ 5:05

ತಂಗೀ, ಓದಿ ಕರುಳು ಚುರುಕ್ ಅಂತು. ನನಗ 71. ನಮ್ಮ ಓಣ್ಯಾಗ ನೀರು ಬಿಡೂದು ವಾರಕ್ಕೊಮ್ಮಿ, ಅದೂ ನಡುರಾತ್ರಿ. ನಳದಾಗ ಗಾಳಿ ಬುಸ್ ಅಂದ್ರ ಸಾಕು, ಎಚ್ಚರ ಆಗೇ ಬಿಡ್ತದ. ಈಗ ನೀರು ಬರದ ದಿನಾನೂ ಅದೇ ಹೊತ್ತಿಗೆ ಕಣ್ಣು ತೆರೀತಾವ. ನೀ ಗಸಗಸಿ ಪಾಯಸ ಮಾಡ್ಕೊಂಡು ಉಣ್ಣು, ಅಂಗಾಲಿಗೆ ಕೊಬ್ಬರಿ ಎಣ್ಣಿ ತಿಕ್ಕು. ಹಾಲಿಗೆ ಚೂರು ಜಾಜಿಕಾಯಿ ತೇದು ಹಾಕು. ನಮ್ಮ ಅವ್ವ ಹಿಂಗs ಮಾಡತಿದ್ಲು.

ತುಮಕೂರು ರೋಡ್ · ಜೂನ್ 3, ಬೆಳಗ್ಗೆ 8:40

ನಾನು ನಾಲ್ಕು ವರ್ಷದಿಂದ ರಾತ್ರಿ ನಿದ್ದೆಗೆ ಅರ್ಧ ಆಲ್‌ಪ್ರಜೋಲಾಮ್ ಮಾತ್ರೆ ತಗೋತಿದ್ದೀನಿ. ಮೊದಲು ಹದಿನೈದು ದಿನಕ್ಕೆ ಅಂತ ಬರೆದುಕೊಟ್ಟಿದ್ದು. ಚೀಟಿ ಹಳೆಯದಾದರೂ ಅಂಗಡಿಯವರು ಕೊಡ್ತಾರೆ. ಈಗ ಅರ್ಧ ಸಾಲಲ್ಲ, ಒಂದು ಬೇಕು. ಮೇಡಂ, ಮಾತ್ರೆ ದಾರಿ ಹಿಡಿಯೋ ಮುಂಚೆ ಎರಡು ಸಲ ಯೋಚಿಸಿ. ನಾನು ಹೋದ ತಿಂಗಳು ಒಂದೇ ಸಲಕ್ಕೆ ನಿಲ್ಲಿಸಿ ನೋಡಿದೆ, ಮೂರನೇ ದಿನ ಕೈ ನಡುಗೋಕೆ ಶುರುವಾಯ್ತು. ಹೆದರಿ ಮತ್ತೆ ನುಂಗಿದೆ.

ಕೆರೆದಂಡೆ, ಮೈಸೂರು · ಜೂನ್ 3, ಮಧ್ಯಾಹ್ನ 1:30

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ನಿದ್ದೆಯ ತೊಂದರೆ ಇರುವವರ ಜೊತೆ ಹತ್ತಾರು ವರ್ಷದಿಂದ ಕೆಲಸ ಮಾಡ್ತಿದ್ದೀನಿ.

ಮೊದಲು ತುಮಕೂರು ರೋಡ್ ಅವರಿಗೆ. ಸಾರ್, ದಯವಿಟ್ಟು ಇನ್ನೊಮ್ಮೆ ಹಾಗೆ ದಿಢೀರನೆ ನಿಲ್ಲಿಸಬೇಡಿ. ಈ ಗುಂಪಿನ ಮಾತ್ರೆಗಳನ್ನು ವರ್ಷಗಟ್ಟಲೆ ತಗೊಂಡು ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಮನೋವೈದ್ಯರ ಹತ್ತಿರ ಹೋಗಿ, ನಾಲ್ಕು ವರ್ಷದ ಕಥೆಯನ್ನ ಮುಚ್ಚಿಡದೆ ಹೇಳಿ. ಅವರು ವಾರ ವಾರ ಸ್ವಲ್ಪ ಸ್ವಲ್ಪವೇ ಇಳಿಸಿಕೊಡ್ತಾರೆ, ತಿಂಗಳುಗಳೇ ಹಿಡಿಯಬಹುದು. ಆಲ್‌ಪ್ರಜೋಲಾಮ್ ಎಚ್1 ಶೆಡ್ಯೂಲ್‌ನಲ್ಲಿರೋ, ಅಂದರೆ ಮಾರಾಟದ ಮೇಲೆ ಬಿಗಿ ನಿಗಾ ಇರೋ ಔಷಧ. ಪ್ರತಿ ಮಾರಾಟವನ್ನೂ ಅಂಗಡಿಯವರು ರಿಜಿಸ್ಟರಿನಲ್ಲಿ ಬರೆಯಬೇಕು ಅನ್ನೋ ನಿಯಮ ಸುಮ್ಮನೆ ಬಂದಿದ್ದಲ್ಲ.

ಟೀಚರ್, ನೀವು ಬರೆದಿದ್ದರಲ್ಲಿ ಒಂದು ಸಾಲು ಬಹಳ ಮುಖ್ಯ: ಹಾಲ್‌ನಲ್ಲಿ ತೂಕಡಿಕೆ, ಹಾಸಿಗೆಯಲ್ಲಿ ಎಚ್ಚರ. ಅಮೆರಿಕದ ಆರ್ಥರ್ ಸ್ಪೀಲ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞರು 1987ರಲ್ಲಿ ನಿದ್ರಾಹೀನತೆಗೆ ಮೂರು ಪದರ ಗುರುತಿಸಿದರು. ಹುಟ್ಟಿನಿಂದ ಬಂದ ಸ್ವಭಾವ ಒಂದು, ನಿದ್ದೆ ಕೆಡಿಸಿದ ಘಟನೆ ಎರಡನೆಯದು. ಮೂರನೆಯದು, ಆ ಘಟನೆ ಮುಗಿದ ಮೇಲೂ ತೊಂದರೆಯನ್ನ ಉಳಿಸಿಕೊಂಡು ಹೋಗುವ ನಮ್ಮ ಅಭ್ಯಾಸ. ಅಮ್ಮನ ಆಸ್ಪತ್ರೆ ದಿನಗಳು ನಿಮಗೆ ಎರಡನೆಯದಾಗಿದ್ದವು, ಅವು ಮುಗಿದವು. ಹೋದ ನಿದ್ದೆಯನ್ನ ಹಿಡಿಯೋಕೆ ನೀವು ಒಂಬತ್ತೂವರೆಗೇ ಹಾಸಿಗೆ ಸೇರ್ತೀರಲ್ಲ, ಅದು ಮೂರನೆಯದು. ಒಂಬತ್ತು ತಿಂಗಳು ಅದೇ ಹಾಸಿಗೆಯಲ್ಲಿ ಎದ್ದೇ ಮಲಗಿದ್ದಕ್ಕೆ ನಿಮ್ಮ ಮೈಗೆ ಹಾಸಿಗೆ ಅಂದರೆ ಎಚ್ಚರ ಇರೋ ಜಾಗ ಅಂತ ರೂಢಿಯಾಗಿದೆ. ನಿಮ್ಮ ಮನಸ್ಸು ದುರ್ಬಲ ಅಂತ ಇದರ ಅರ್ಥ ಅಲ್ಲವೇ ಅಲ್ಲ.

ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳಿಗಿಂತ ಹೆಚ್ಚು ಕಾಲ ಹೀಗಿದ್ದರೆ ಅದನ್ನ ದೀರ್ಘಕಾಲದ ನಿದ್ರಾಹೀನತೆ ಅಂತೀವಿ. ಇದಕ್ಕೆ ಮೊದಲು ಕೊಡಬೇಕಾದ್ದು ಮಾತ್ರೆ ಅಲ್ಲ, ಸಿಬಿಟಿ-ಐ ಅನ್ನೋ ವರ್ತನಾ ಚಿಕಿತ್ಸೆ, ಅಂದರೆ ನಿದ್ದೆಯ ಬಗೆಗಿನ ಯೋಚನೆ, ಅಭ್ಯಾಸ ಬದಲಿಸೋದು. ಅಮೆರಿಕದ ವೈದ್ಯರ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೀಗೆ ಶಿಫಾರಸು ಮಾಡಿದೆ. ನಮ್ಮ ಕಡೆ ಇದರ ಹೆಸರು ಕೇಳಿದವರೇ ಕಮ್ಮಿ, ನನಗೆ ಅದೇ ಬೇಜಾರು.

ಅದರ ಮೊದಲ ಹೆಜ್ಜೆಯಾಗಿ ಒಂದು ವಾರ ಬೆಳಗ್ಗೆ ಎದ್ದ ಮೇಲೆ ಡೈರಿ ಬರೀರಿ. ಎಷ್ಟೊತ್ತಿಗೆ ಮಲಗಿದಿರಿ, ಅಂದಾಜು ಎಷ್ಟು ನಿದ್ದೆ ಬಂತು, ಎಷ್ಟೊತ್ತಿಗೆ ಎದ್ದಿರಿ. ರಾತ್ರಿ ಗಡಿಯಾರ ನೋಡಿ ಬರೆಯೋದು ಬೇಡ. ಗಡಿಯಾರವನ್ನ ಗೋಡೆ ಕಡೆ ತಿರುಗಿಸಿ ಇಡಿ. ಥೈರಾಯ್ಡ್, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಒಮ್ಮೆ ಪರೀಕ್ಷೆ ಮಾಡಿಸಿ. ಮುಟ್ಟು ನಿಲ್ಲೋ ವಯಸ್ಸು, ರಾತ್ರಿ ಮೈ ಬಿಸಿಯಾಗಿ ಬೆವರ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಆಯಿ, ಗಸಗಸೆ ಪಾಯಸ, ಅಂಗಾಲಿನ ಎಣ್ಣೆ ಎರಡೂ ಹಿತವಾದ್ದೇ. ಜಾಜಿಕಾಯಿ ಮಾತ್ರ ಚಿಟಿಕೆಯಲ್ಲಿ ಚಿಟಿಕೆ ಇರಲಿ, ಜಾಸ್ತಿಯಾದರೆ ಅದು ವಿಷ.

ಚನ್ನಗಿರಿ ತೋಟ · ಜೂನ್ 3, ರಾತ್ರಿ 8:15

ನಮ್ಮದು ಅಡಿಕೆ ತೋಟ. ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿ ವಾರದಲ್ಲಿ ಒಂದು ಗಂಟೆಗೆ ಎದ್ದು ಮೋಟರ್ ಹಾಕೋದು, ಬ್ಯಾಟರಿ ಹಿಡಿದು ಹಾವು ಹುಳ ನೋಡಿಕೊಂಡು ವಾಲ್ವ್ ತಿರುಗಿಸೋದು. ನನಗೂ ಇದೇ ಕಾಯಿಲೆನಾ ಸಾರ್? ಮಲಗಿದ್ರೆ ಮಾತ್ರ ಎರಡು ನಿಮಿಷಕ್ಕೆ ನಿದ್ದೆ.

ಇನ್ನೊಂದು ಹೇಳಬೇಕು ಅನ್ನಿಸ್ತು ಟೀಚರ್. ಚಿಕ್ಕವರಿದ್ದಾಗ ಶಿವರಾತ್ರಿ ಜಾಗರಣೆ ಮಾಡ್ತೀವಿ ಅಂತ ಹಟ ಹಿಡಿದು ದೇವಸ್ಥಾನದಲ್ಲಿ ಕೂರ್ತಿದ್ವಿ. ಎದ್ದಿರಲೇಬೇಕು ಅಂತ ಕೂತವರಿಗೆ ಹನ್ನೊಂದು ಗಂಟೆಗೇ ರೆಪ್ಪೆ ಎಳೀತಿತ್ತು. ಅಪ್ಪ ಹೆಗಲ ಮೇಲೆ ಹಾಕ್ಕೊಂಡು ಮನೆಗೆ ತರ್ತಿದ್ರು. ಬೇಡ ಅಂದಾಗ ಬರೋದು, ಬಾ ಅಂದಾಗ ಓಡೋದು, ನಿದ್ದೆ ಅನ್ನೋದೇ ಹಂಗೆ.

ಕೆರೆದಂಡೆ, ಮೈಸೂರು · ಜೂನ್ 3, ರಾತ್ರಿ 9:02

ತೋಟದವರೇ, ನಮ್ಮ ಚಿಕಿತ್ಸೆಯಲ್ಲೊಂದು ವಿಧಾನವೇ ಇದೆ, ಅದನ್ನ ನೀವು ಶಿವರಾತ್ರಿಯಲ್ಲಿ ಹೇಳಿಬಿಟ್ಟಿರಿ. ಹಾಸಿಗೆಯಲ್ಲಿ ಮಲಗಿ, ದೀಪ ಆರಿಸಿ, ಕಣ್ಣು ತೆರೆದುಕೊಂಡು "ಇನ್ನೂ ಸ್ವಲ್ಪ ಹೊತ್ತು ಎದ್ದಿರ್ತೀನಿ" ಅಂತ ಮೆಲ್ಲಗೆ ಪ್ರಯತ್ನ ಮಾಡೋಕೆ ಹೇಳ್ತೀವಿ. ನಿದ್ದೆ ಮಾಡಬೇಕು ಅನ್ನೋ ಹಟ ಸಡಿಲವಾದರೆ ಅರ್ಧ ಕೆಲಸ ಆದ ಹಾಗೆ. ಜಾಗರಣೆಯ ಮರುರಾತ್ರಿ ಎಂಥ ನಿದ್ದೆ ಬರುತ್ತೆ, ನೆನಪಿದೆಯಲ್ಲ? ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಅನ್ನೋ ವಸ್ತು ಕೂಡುತ್ತಾ ಹೋಗುತ್ತೆ, ನಿದ್ದೆಯ ಹಸಿವು ಅಂತಲೇ ಇಟ್ಕೊಳ್ಳಿ. ಕಾಫಿ ಆ ಹಸಿವನ್ನ ಮರೆಸುತ್ತೆ. ಸಂಜೆ ಐದರ ಕಾಫಿಯ ಕೆಫೀನ್ ರಾತ್ರಿ ಹತ್ತಕ್ಕೂ ಸುಮಾರು ಅರ್ಧ ಮೈಯಲ್ಲೇ ಇರುತ್ತೆ. ಮಧ್ಯಾಹ್ನದ ಉದ್ದ ನಿದ್ದೆ ಊಟದ ಹೊತ್ತಿಗೆ ಮುಂಚೆ ಕೋಡುಬಳೆ ತಿಂದ ಹಾಗೆ.

ನಿಮ್ಮದು ನಿದ್ರಾಹೀನತೆ ಅಲ್ಲ, ನಿದ್ದೆಗೆ ಅವಕಾಶವೇ ಸಿಕ್ಕಿಲ್ಲ. ಮಲಗಲು ಬಿಟ್ಟರೆ ಬರುತ್ತೆ, ಆದರೆ ಬಿಡ್ತಿಲ್ಲ. ಇದಕ್ಕೆ ನನ್ನ ಹತ್ತಿರ ಚಿಕಿತ್ಸೆ ಇಲ್ಲ, ಹಗಲು ಕರೆಂಟು ಕೊಡೋರ ಹತ್ತಿರ ಇದೆ. ಪಾಳಿ ವಾರದಲ್ಲಿ ಮಧ್ಯಾಹ್ನ ಒಂದೂವರೆ ಗಂಟೆ ಧಾರಾಳವಾಗಿ ಮಲಗಿ. ಆ ವಾರ ಬೆಳಗ್ಗೆ ಬೈಕು, ಟ್ರ್ಯಾಕ್ಟರ್ ಜೋಪಾನ.

ಎಡಿಸನ್ ಕನ್ನಡಿಗ · ಜೂನ್ 5, ಬೆಳಗ್ಗೆ 7:20

ನ್ಯೂಜೆರ್ಸಿಯಿಂದ. ನಾನು ನಿದ್ದೆ ಅಳೆಯೋ ಉಂಗುರ ಹಾಕ್ಕೊಂಡು ಕೆಟ್ಟೆ. ಬೆಳಗ್ಗೆ ಎದ್ದಾಗ ಮೈ ಹಗುರಾಗಿರೋದು, ಫೋನ್ ನೋಡಿದರೆ ಸ್ಕೋರ್ 58, ಅಲ್ಲಿಂದ ಇಡೀ ದಿನ ಸುಸ್ತು. ಒಟ್ಟು ನಿದ್ದೆಯ ಹೊತ್ತನ್ನ ಸರಿಯಾಗಿ ಹೇಳಿದರೂ ಗಾಢ ನಿದ್ದೆ ಎಷ್ಟು, ಕನಸಿನ ನಿದ್ದೆ ಎಷ್ಟು ಅಂತ ಅದು ಹೇಳೋದು ಬರೀ ಅಂದಾಜು. ತೆಗೆದಿಟ್ಟೆ. ಇಲ್ಲಿನ ಮಾಜಿ ಸೈನಿಕರ ಇಲಾಖೆಯ ಇನ್‌ಸೋಮ್ನಿಯಾ ಕೋಚ್ ಅನ್ನೋ ಉಚಿತ ಆ್ಯಪ್ ಹಿಡಿದು ಐದು ವಾರ ಕಷ್ಟಪಟ್ಟೆ. ಆಮೇಲೆ ಸರಿಹೋಯ್ತು.

ಗಣಿತ ಟೀಚರ್, ದಾವಣಗೆರೆ · ಜೂನ್ 11, ಸಂಜೆ 6:30

ಡೈರಿ ಮುಗೀತು. ಹಾಸಿಗೆಯಲ್ಲಿ ಇರೋದು ದಿನಕ್ಕೆ ಎಂಟೂವರೆ ಗಂಟೆ, 510 ನಿಮಿಷ. ನಿದ್ದೆ ಸರಾಸರಿ 310 ನಿಮಿಷ. ಶೇ. 61. ಮೂರು ಗಂಟೆ ಇಪ್ಪತ್ತು ನಿಮಿಷ ನಾನು ದಿನಾ ಹಾಸಿಗೆಯಲ್ಲಿ ನಿದ್ದೆಗೆ ಕಾಯ್ತಾ ಬಿದ್ದಿರ್ತೀನಿ ಅನ್ನೋದು ಅಂಕಿಯಲ್ಲಿ ನೋಡಿದ ಮೇಲೇ ಗೊತ್ತಾಗಿದ್ದು. ರಕ್ತ ಪರೀಕ್ಷೆ ಎಲ್ಲ ಸರಿ ಇದೆ. ಮುಂದೇನು?

ಕೆರೆದಂಡೆ, ಮೈಸೂರು · ಜೂನ್ 11, ರಾತ್ರಿ 8:10

ಒಂದು ಸೌಟು ಹಿಟ್ಟನ್ನ ದೊಡ್ಡ ಕಾವಲಿ ತುಂಬ ಎಳೆದರೆ ದೋಸೆ ತೂತು ತೂತಾಗುತ್ತೆ. ನಿಮ್ಮ ಹತ್ತಿರ ಇರೋದು ಐದು ಗಂಟೆಯ ಹಿಟ್ಟು, ಎಳೀತಿರೋದು ಎಂಟೂವರೆ ಗಂಟೆಗೆ. ಮೊದಲು ದೋಸೆ ಚಿಕ್ಕದಾದರೂ ದಪ್ಪಗೆ ಆಗಲಿ, ಆಮೇಲೆ ಹಿಗ್ಗಿಸೋಣ.

ಹಾಗಾಗಿ ಇನ್ನು ಮೇಲೆ ರಾತ್ರಿ ಹನ್ನೆರಡಕ್ಕೆ ಮಲಗಿ, ಐದೂವರೆಗೆ ಏಳಿ. ಭಾನುವಾರವೂ ಅಷ್ಟೇ, ಹಿಂದಿನ ರಾತ್ರಿ ಕಣ್ಣೇ ಮುಚ್ಚಿಲ್ಲ ಅಂದರೂ ಅಷ್ಟೇ. ಐದು ಗಂಟೆಗಿಂತ ಕಮ್ಮಿ ಯಾರಿಗೂ ಹೇಳಲ್ಲ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ಶೇ. 85ಕ್ಕಿಂತ ಹೆಚ್ಚು ನಿದ್ದೆಯಾದ ವಾರ ಹದಿನೈದು ನಿಮಿಷ ಸೇರಿಸಿಕೊಳ್ಳಿ. ಇದೂ ಸ್ಪೀಲ್‌ಮನ್ ಅವರದೇ ವಿಧಾನ.

ಇದಕ್ಕೆ ಜೊತೆ, 1972ರಲ್ಲಿ ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ ಕೊಟ್ಟ ನಿಯಮ. ಮಲಗಿ ಇಪ್ಪತ್ತು ನಿಮಿಷದ ಅಂದಾಜಿಗೆ ನಿದ್ದೆ ಬರದಿದ್ದರೆ ಎದ್ದು ರೂಮಿನಿಂದ ಹೊರಗೆ ಬನ್ನಿ. ಮಂದ ಬೆಳಕಿನಲ್ಲಿ ಬೇಸರದ ಕೆಲಸ ಏನಾದರೂ ಮಾಡಿ. ರೆಪ್ಪೆ ಭಾರವಾದಾಗಲೇ ಒಳಗೆ ಹೋಗಿ. ರಾತ್ರಿಗೆ ನಾಲ್ಕು ಸಲ ಆದರೆ ನಾಲ್ಕು ಸಲ. ಬೆಳಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಹೊರಗೆ ಬೆಳಕಿಗೆ ಮುಖ ಕೊಟ್ಟು ನಡೀರಿ, ಮೈಯೊಳಗಿನ ಗಡಿಯಾರಕ್ಕೆ ಕೀ ಕೊಡೋದು ಆ ಬೆಳಕು.

ಓದ್ತಿರೋ ಬೇರೆಯವರಿಗೆ ಎಚ್ಚರಿಕೆ: ಬೈಪೋಲಾರ್ ಕಾಯಿಲೆ, ಮೂರ್ಛೆರೋಗ ಇದ್ದವರು, ಬಸ್ಸು ಲಾರಿ ಓಡಿಸೋರು, ಗರ್ಭಿಣಿಯರು ಡಾಕ್ಟರನ್ನ ಕೇಳದೆ ನಿದ್ದೆಯ ಹೊತ್ತು ಕಮ್ಮಿ ಮಾಡಕೂಡದು. ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟಿ ಎದ್ದು ಕೂರೋರದ್ದು ಬೇರೆಯೇ ತೊಂದರೆ, ಅವರಿಗೆ ಸ್ಲೀಪ್ ಸ್ಟಡಿ, ಅಂದರೆ ಮಲಗಿದ್ದಾಗ ಉಸಿರು, ನಿದ್ದೆ ಅಳೆಯೋ ಪರೀಕ್ಷೆ ಬೇಕು.

ಗಣಿತ ಟೀಚರ್, ದಾವಣಗೆರೆ · ಜೂನ್ 16, ಸಂಜೆ 5:50

ಐದನೇ ದಿನ. ಇದು ಕ್ರೌರ್ಯ ಅನ್ನಿಸ್ತಿದೆ. ಹತ್ತೂವರೆಗೆ ಕಣ್ಣು ಉರಿ, ಹನ್ನೆರಡರವರೆಗೆ ಅಡುಗೆಮನೆಯಲ್ಲಿ ನಿಂತೇ ಇರ್ತೀನಿ. ಸ್ಕೂಟಿ ಮುಟ್ಟೋದು ಬಿಟ್ಟು ಬಸ್ಸಲ್ಲಿ ಓಡಾಡ್ತಿದ್ದೀನಿ.

ಬೇಸರದ ಕೆಲಸ ಅಂದಿರಲ್ಲ, ಅಮ್ಮನ ಹತ್ತಿಯ ಡಬ್ಬಿ ತೆಗೆದೆ. ಅಮ್ಮ ಹೂಬತ್ತಿ ಮಾಡಿ ಬೀದಿಗೆಲ್ಲ ಹಂಚ್ತಿದ್ದರು. ಹತ್ತಿ ಬಿಡಿಸಿ, ಬೀಜದ ಚೂರು ಆರಿಸಿ, ಸಣ್ಣ ಉಂಡೆ ಎಳೆದು ಅಂಗೈ ಮೇಲೆ ಹರಡಿ, ಬೆರಳ ತುದಿಗೆ ವಿಭೂತಿ ಮುಟ್ಟಿಸಿ ತುದಿ ಹೊಸೆಯೋದು. ತುದಿ ಮೊನಚಾಗಬೇಕು, ಬುಡ ಹೂವಿನ ಹಾಗೆ ಅಗಲವಾಗಿ ನಿಲ್ಲಬೇಕು. ನನ್ನವು ಎಲ್ಲ ಬಾಗಿ ಬೀಳ್ತಾವೆ. ನಿನ್ನೆ ರಾತ್ರಿ 41 ಮಾಡಿದೆ. ಮೂರನೇ ಸಲ ಒಳಗೆ ಹೋದಾಗ ನಿದ್ದೆ ಬಂತು.

ರಾತ್ರಿ ಪಾಳಿ, ಮಂಗಳೂರು · ಜೂನ್ 16, ರಾತ್ರಿ 11:55

ನಾನು ನರ್ಸ್, ಐಸಿಯುನಲ್ಲಿ. ಮೊದಲೆರಡು ವಾರ ಹಾಗೆಯೇ ಉಂಟು ಟೀಚರ್, ಬಿಡ್ಬೇಡಿ. ನನ್ನ ಅಕ್ಕನಿಗೆ ಹತ್ತನೇ ದಿನ ಕೂತು ಅಳು ಬಂದಿತ್ತು, ಹದಿನೈದಕ್ಕೆ ಹಿಡಿತಕ್ಕೆ ಸಿಕ್ಕಿತು. ನನ್ನ ಪಾಳಿಯ ಕಥೆ ಬೇರೆ. ಬೆಳಗ್ಗೆ ಮನೆಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೊಂಡು ಹೋಗ್ತೇನೆ, ರೂಮಿಗೆ ದಪ್ಪ ಪರದೆ. ಆದ್ರೂ ಹಗಲು ಐದು ಗಂಟೆ ಸಿಕ್ಕಿದ್ರೆ ಪುಣ್ಯ.

ಧಾರವಾಡದ ಆಯಿ · ಜೂನ್ 17, ಬೆಳಗ್ಗೆ 4:50

ಹತ್ತಿ ಭಾಳ ಒಣಗಿತ್ತಂದ್ರ ಬತ್ತಿ ಬಾಗ್ತಾವವ್ವಾ. ಬೆರಳಿಗೆ ಒಂದ ಹನಿ ಹಾಲು ಮುಟ್ಟಿಸಿ ಹೊಸಿ, ನೆಟ್ಟಗ ನಿಂದರ್ತಾವ.

ಗಣಿತ ಟೀಚರ್, ದಾವಣಗೆರೆ · ಜುಲೈ 3, ಸಂಜೆ 7:15

ಮೂರು ವಾರದ ಲೆಕ್ಕ. ಮೊದಲ ವಾರ 330 ನಿಮಿಷದಲ್ಲಿ ನಿದ್ದೆ ಬರೀ 255. ಎರಡನೇ ವಾರ 280. ಈ ವಾರ 305, ಅಂದರೆ ಶೇ. 92. ನಿದ್ದೆಯ ಹೊತ್ತು ಮೊದಲಿಗಿಂತ ಜಾಸ್ತಿಯಾಗಿಲ್ಲ, ಆದರೆ ಒಡೆದು ಚೂರಾಗಿಲ್ಲ. ಮಲಗಿದರೆ ಹತ್ತು ನಿಮಿಷಕ್ಕೆ ಬರುತ್ತೆ. ಎಲ್ಲಕ್ಕಿಂತ ದೊಡ್ಡದು, ಸಂಜೆ ಏಳರ ಆ ಸಂಕಟ ಯಾವಾಗ ಹೋಯ್ತು ಅಂತ ಗೊತ್ತೇ ಆಗಲಿಲ್ಲ. ಇವತ್ತಿಂದ ಹನ್ನೊಂದೂ ಮುಕ್ಕಾಲಿಗೆ ಮಲಗ್ತೀನಿ. ಆ ಹದಿನೈದು ನಿಮಿಷ ಸಿಕ್ಕಿದ್ದಕ್ಕೆ ಹಬ್ಬ ಬಂದಷ್ಟು ಸಂತೋಷ ಆಗಿದೆ.

ಆಯಿ, ಹಾಲು ಮುಟ್ಟಿಸಿದ ಮೇಲೆ ಬತ್ತಿ ನೆಟ್ಟಗೆ ನಿಲ್ತಿವೆ.

ತುಮಕೂರು ರೋಡ್ · ಜುಲೈ 4, ರಾತ್ರಿ 9:30

ನಾನೂ ಮನೋವೈದ್ಯರನ್ನ ಕಂಡೆ. ಬೈತಾರೆ ಅಂದುಕೊಂಡಿದ್ದೆ, ಬೈಲಿಲ್ಲ. ಮೊದಲು ಬೇರೆ ಗುಳಿಗೆಗೆ ಬದಲಾಯಿಸಿ, ಎರಡು ವಾರಕ್ಕೊಮ್ಮೆ ಸ್ವಲ್ಪ ಇಳಿಸ್ತಾರಂತೆ. ಈ ವರ್ಷ ಮುಗಿಯೋದರೊಳಗೆ ಬಿಡಿಸ್ತೀನಿ ಅಂದರು. ಹೋಗೋಕೆ ನಾಚಿಕೆ ಪಡ್ತಿರೋರಿಗೆ ಹೇಳ್ತೀನಿ, ಮೊದಲು ನಾನು 14416ಕ್ಕೆ ಫೋನ್ ಮಾಡಿದ್ದೆ. ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಅಕ್ಟೋಬರ್ 2022ರಲ್ಲಿ ಶುರುವಾಗಿದ್ದು. ಕನ್ನಡದಲ್ಲೇ ಮಾತಾಡಿದರು.

ಗಣಿತ ಟೀಚರ್, ದಾವಣಗೆರೆ · ಆಗಸ್ಟ್ 12, ಸಂಜೆ 6:40

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಎಡವಿದೆ. ಅಮ್ಮ ಇಲ್ಲದ ಮೊದಲ ಹಬ್ಬ. ಕಳಸಕ್ಕೆ ಅವರ ಹಸಿರು ಸೀರೆ ಉಡಿಸ್ತಾ ಕೂತವಳಿಗೆ ಎರಡು ಗಂಟೆಯಾದರೂ ಕಣ್ಣು ಮುಚ್ಚಲಿಲ್ಲ. ಮರುದಿನವೂ ಹಾಗೇ. ಹಳೇದೆಲ್ಲ ಮತ್ತೆ ಬಂತು ಅಂತ ಮೈ ತಣ್ಣಗಾಯ್ತು. ಒಂಬತ್ತೂವರೆಗೇ ಮಲಗಿಬಿಡೋಣ ಅನ್ನೋ ಆಸೆ ಬಂದಿದ್ದು ನಿಜ. ಮಲಗಲಿಲ್ಲ. ಅದೇ ಹೊತ್ತು, ಅದೇ ಐದೂವರೆ. ನಾಲ್ಕನೇ ರಾತ್ರಿಗೆ ತಾನಾಗೇ ಹಾದಿಗೆ ಬಂತು. ಆ ಎರಡು ರಾತ್ರಿ ನಾನು ಎದ್ದಿದ್ದಕ್ಕೆ ಕಾರಣ ಅಮ್ಮನೇ. ಅದನ್ನ ನಾನು ಕಾಯಿಲೆ ಅಂತ ಲೆಕ್ಕಕ್ಕೆ ಹಿಡಿಯಲ್ಲ.

ಈಗ ಹನ್ನೊಂದರಿಂದ ಐದೂವರೆ, ಆರೂವರೆ ಗಂಟೆ. ನಿದ್ದೆ ಸುಮಾರು ಆರು.

ಹಾಸನದಿಂದ ಹೊಸಬ · ಆಗಸ್ಟ್ 20, ರಾತ್ರಿ 2:41

ಈ ಚರ್ಚೆ ಪೂರ್ತಿ ಈಗಷ್ಟೇ ಓದಿದೆ. ಕೆಲಸ ಹೋಗಿ ಐದು ತಿಂಗಳು, ಅವತ್ತಿಂದ ಹೀಗೇ. ಡೈರಿ ಎಲ್ಲ ನಾಳೆಯಿಂದ ಬರೀತೀನಿ. ಆದರೆ ಈಗ, ಈ ರಾತ್ರಿ ಏನು ಮಾಡಲಿ? ಎದೆ ಹೊಡ್ಕೋತಿದೆ. ಪಕ್ಕದಲ್ಲಿ ಹೆಂಡತಿ ಮಲಗಿದ್ದಾಳೆ, ಎಬ್ಬಿಸೋಕೆ ಮನಸ್ಸಿಲ್ಲ.

ರಾತ್ರಿ ಪಾಳಿ, ಮಂಗಳೂರು · ಆಗಸ್ಟ್ 20, ರಾತ್ರಿ 2:50

ನಾನು ಡ್ಯೂಟಿಯಲ್ಲಿದ್ದೇನೆ ಅಣ್ಣ, ಎಚ್ಚರ ಉಂಟು. ಎದೆ ನೋವು, ಎಡಗೈ ಸೆಳೆತ, ಬೆವರು ಏನಾದ್ರೂ ಉಂಟಾ? ಇದ್ರೆ ಈಗಲೇ ಹೆಂಡತಿಯನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ. ಇಲ್ಲದಿದ್ರೆ ಹಾಸಿಗೆ ಬಿಟ್ಟು ಹಾಲ್‌ಗೆ ಬನ್ನಿ. ಸಣ್ಣ ದೀಪ ಹಾಕಿ, ಫೋನ್ ದೂರ ಇಡಿ. ಉಸಿರು ನಿಧಾನ ತೆಗೊಳ್ಳಿ, ಅದಕ್ಕಿಂತ ನಿಧಾನ ಬಿಡಿ. ಸಾಯ್ಬೇಕು ಅಂತ ಯೋಚನೆ ಬರ್ತಾ ಇದ್ರೆ ಒಬ್ಬರೇ ಇರ್ಬೇಡಿ, 14416 ರಾತ್ರಿಯೂ ಉಂಟು.

ಹಾಸನದಿಂದ ಹೊಸಬ · ಆಗಸ್ಟ್ 20, ರಾತ್ರಿ 2:54

ನೋವಿಲ್ಲ, ಅಂಥ ಯೋಚನೆಯೂ ಇಲ್ಲ ಸಿಸ್ಟರ್. ಎದ್ದು ಬಂದೆ. ಅವರೆಕಾಯಿ ಸೊನೆಯ ಕಾಲ ಅಲ್ಲ, ಇಲ್ಲದಿದ್ದರೆ ಸುಲಿಯೋಕೆ ಕೂರ್ತಿದ್ದೆ. ಬಟ್ಟೆ ಮಡಚ್ತೀನಿ. ಫೋನ್ ಇಡ್ತಿದ್ದೀನಿ.

ಗಣಿತ ಟೀಚರ್, ದಾವಣಗೆರೆ · ಆಗಸ್ಟ್ 20, ಬೆಳಗ್ಗೆ 6:15

ಹಾಸನದವರೇ, ನಿಮ್ಮ ಪ್ರಶ್ನೆ ಈಗ ನೋಡಿದೆ. ರಾತ್ರಿ ಎಷ್ಟೇ ಹೊತ್ತು ಎದ್ದಿದ್ದರೂ ಇವತ್ತು ಮಧ್ಯಾಹ್ನ ಮಲಗಬೇಡಿ, ಗಾಡಿ ಓಡಿಸಬೇಡಿ, ಎರಡು ಗಂಟೆ ಮೇಲೆ ಕಾಫಿ ಬೇಡ. ಈಗ ಬಾಗಿಲು ತೆಗೆದು ಹೊರಗೆ ಬೆಳಕಿಗೆ ಹೋಗಿ ನಿಂತುಕೊಳ್ಳಿ. ಸಂಜೆ ಇಲ್ಲಿಗೆ ಬನ್ನಿ, ಡೈರಿಯ ಕಾಲಂ ಹೇಗೆ ಎಳೆಯೋದು ಅಂತ ನಾನು ಬರೆದು ಕೊಡ್ತೀನಿ.